ಹತ್ತಿದ ಗೇರಲ್ಲೇ ಇಳೀಬೇಕು: ಹಳೇ ಮಾರುತಿ 800 ಜೊತೆ ನನ್ನ ಅನುಭವ

ನನ್ನ ಹತ್ತಿರ ಇರುವುದು 1997ರ ಮಾರುತಿ 800. ಬಿಳಿ ಬಣ್ಣ, ನಾಲ್ಕು ಗೇರು, ಕಾರ್ಬ್ಯುರೇಟರ್ ಇಂಜಿನ್. 2009ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ಮೂಡಿಗೆರೆ ಪಕ್ಕ, ಕೆಲಸ ಚಿಕ್ಕಮಗಳೂರಲ್ಲಿ. ದಿನಾ ಹೋಗಿ ಬರಲು ಅರವತ್ತು ಕಿಲೋಮೀಟರ್ ಆಗುತ್ತದೆ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಮೂರು ಸಿಲಿಂಡರ್ ಸದ್ದು ಒಂದೇ ಸಮ ಬರುವವರೆಗೆ ಕಾಯುತ್ತೇನೆ. ಆ ಎರಡು ನಿಮಿಷ ನನಗೆ ತುಂಬಾ ಇಷ್ಟ. ಸದ್ದಿನಲ್ಲಿ ಎಲ್ಲಾದರೂ ತೊದಲಿದರೆ ಗಾಡಿ ಏನೋ ಹೇಳುತ್ತಿದೆ ಅಂತ ಅರ್ಥ.

ಮೊದಲು ಹೀಗೆ ಕೇಳಿಸಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಗಾಡಿ ಓಡಿಸುವುದು ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಲೈಸೆನ್ಸ್ ಸಿಕ್ಕಿ ಹತ್ತು ವರ್ಷ ಆಗಿತ್ತು, ಘಾಟಿ ರಸ್ತೆಯೂ ಹೊಸದಲ್ಲ. ಅದು ಸುಳ್ಳು ಅಂತ ತಿಳಿದದ್ದು 2011ರ ಮೇ ತಿಂಗಳಲ್ಲಿ, ಚಾರ್ಮಾಡಿ ಘಾಟಿಯಲ್ಲಿ.

ಉಜಿರೆಯಲ್ಲಿ ನೆಂಟರ ಮದುವೆ. ಗಾಡಿಯಲ್ಲಿ ನಾನು, ಹೆಂಡತಿ, ಅತ್ತೆ, ಮಾವ, ಡಿಕ್ಕಿ ತುಂಬಾ ಸಾಮಾನು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆವು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದು ಇಳಿಯಲು ಶುರು ಮಾಡಿದೆ. ಮೂರನೇ ಗೇರಲ್ಲಿದ್ದೆ. ಪ್ರತಿ ತಿರುವಿಗೂ ಬ್ರೇಕ್, ತಿರುವಿನ ಮಧ್ಯೆಯೂ ಬ್ರೇಕ್. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯದ್ದು ಅಂದುಕೊಂಡೆ. ಮುಂದಿನ ಹೇರ್‌ಪಿನ್‌ಗೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಇನ್ನೊಂದು ಸಲ ಒತ್ತಿದೆ. ನೆಲ ಮುಟ್ಟಿತು.

ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಾಕಿ, ಬೆಟ್ಟದ ಕಡೆಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಅತ್ತೆಯ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಿಂದಿನಿಂದ ಬಂದ ಲಾರಿಯವರು ನಿಲ್ಲಿಸಿ ಇಳಿದು ಬಂದರು. ಕೇಳಿದ್ದು ಒಂದೇ ಪ್ರಶ್ನೆ. ‘ಸಾರ್, ಯಾವ ಗೇರಲ್ಲಿ ಇಳೀತಿದ್ರಿ?’ ಮೂರನೇ ಗೇರು ಅಂದೆ. ‘ಹತ್ತೋವಾಗ ಇಲ್ಲಿ ಯಾವ ಗೇರು ಹಾಕ್ತೀರಿ?’ ಎರಡನೇದು ಅಂದೆ. ‘ಹತ್ತಿದ ಗೇರಲ್ಲೇ ಇಳೀಬೇಕು ಸಾರ್. ಇಂಜಿನ್ನೇ ಹಿಡ್ಕೊಳ್ಳುತ್ತೆ. ಈಗ ಚಕ್ರಕ್ಕೆ ನೀರು ಗೀರು ಹಾಕ್ಬೇಡಿ, ಸುಮ್ನೆ ಬಿಡಿ, ತಣ್ಣಗಾಗ್ಲಿ.’ ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ವಾಪಸ್ ಬಂತು. ಎರಡನೇ ಗೇರಲ್ಲಿ ನಿಧಾನಕ್ಕೆ ಇಳಿದೆವು.

ಪೆಡಲ್ ಹೋದದ್ದೂ ಅದರಷ್ಟಕ್ಕೆ ಅದೇ ವಾಪಸ್ ಬಂದದ್ದೂ ಯಾಕೆ ಅನ್ನುವುದು ನನ್ನ ತಲೆ ಬಿಟ್ಟು ಹೋಗಲಿಲ್ಲ. ನಮ್ಮೂರಿನ ಮೇಸ್ತ್ರಿ ಹತ್ತಿರ ಹೋಗಿ ಕೂತೆ. ಅವರು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಹೊಸ ಆಯಿಲ್ ತಿಳಿ ಜೇನಿನ ಬಣ್ಣ ಇರುತ್ತದೆ. ನನ್ನದು ಕಾಫಿ ಡಿಕಾಕ್ಷನ್ ಆಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೂ ಕುದಿಯುವುದಿಲ್ಲ. ನೀರು ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಡಿಸ್ಕು ಕಾದು, ಆ ಬಿಸಿ ಆಯಿಲ್‌ಗೆ ಇಳಿದು, ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಖರ್ಚಾಗುತ್ತದೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ವಾಪಸ್. ಗಾಡಿ ತಗೊಂಡ ಮೇಲೆ ಎರಡು ಸಲ ಸರ್ವಿಸ್ ಮಾಡಿಸಿದ್ದೆ. ಬಿಟ್ಟ ಗ್ಯಾರೇಜಿನಲ್ಲಿ ಯಾರೂ ಆ ಮುಚ್ಚಳ ತೆಗೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಹಳೇ ಆಯಿಲ್ ತೆಗೆದು ಹೊಸದು ತುಂಬುವ ಬ್ರೇಕ್ ಕೆಲಸ ಇನ್ನು ನನ್ನ ಕೈಯಲ್ಲೇ ಆಗಬೇಕು. ಮೇಸ್ತ್ರಿ ಪಕ್ಕ ನಿಂತು ಒಂದು ಸಲ ನೋಡಿದೆ, ಎರಡನೇ ಸಲ ಅವರು ನೋಡುತ್ತಾ ನಿಂತರು, ನಾನು ಮಾಡಿದೆ. ಮೂರನೇ ಸಲದಿಂದ ಮನೆ ಅಂಗಳದಲ್ಲೇ. ಹೆಂಡತಿ ಡ್ರೈವರ್ ಸೀಟಲ್ಲಿ ಕೂರುತ್ತಾಳೆ. ನಾನು ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರ, ಅಂದರೆ ಹಿಂದಿನ ಎಡಚಕ್ರದಿಂದ ಶುರು ಮಾಡುತ್ತೇನೆ. ನಿಪ್ಪಲ್‌ಗೆ, ಅಂದರೆ ಚಕ್ರದ ಹತ್ತಿರ ಆಯಿಲ್ ಬಿಡುವ ಸಣ್ಣ ತಿರುಪಿಗೆ, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ‘ಒತ್ತು’ ಅಂತೀನಿ. ಅವಳು ಮೂರು ನಾಲ್ಕು ಸಲ ಒತ್ತಿ ಹಿಡಿದು ‘ಒತ್ತಿದೀನಿ ರೀ’ ಅಂತಾಳೆ. ಸ್ಪ್ಯಾನರ್ ಕಾಲು ಸುತ್ತು ತಿರುಗಿಸಿದರೆ ಕಪ್ಪು ಆಯಿಲ್ ಬರುತ್ತದೆ, ಜೊತೆಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ನಿಪ್ಪಲ್ ಬಿಗಿ ಮಾಡಿದ ಮೇಲೇ ಅವಳು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಕೆಲಸ ಮೊದಲಿನಿಂದ. ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ಆಗಾಗ ಹಾಕುತ್ತಲೂ ಇರಬೇಕು. ಪೈಪಿನಲ್ಲಿ ಗುಳ್ಳೆ ನಿಂತು ಜೇನಿನ ಬಣ್ಣ ಬಂದಾಗ ಆಗುವ ಸಮಾಧಾನವೇ ಬೇರೆ. ಈಗ ಡಾಟ್ 4 ಹಾಕುತ್ತೇನೆ, ಎರಡು ವರ್ಷಕ್ಕೊಮ್ಮೆ ತಪ್ಪದೆ, ಅದೂ ಮಳೆಗಾಲ ಮುಗಿದ ಮೇಲೆ. ಒಂದು ಮಾತು: ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ, ಬಿದ್ದ ತಕ್ಷಣ ಸುರಿಯಿರಿ.

ಅಲ್ಲಿಂದ ಒಂದೊಂದೇ ಬಿಚ್ಚುತ್ತಾ ಹೋದೆ. ಮಲೆನಾಡಿನ ಜುಲೈಯಲ್ಲಿ ಹಳೇ ಗಾಡಿ ಸ್ಟಾರ್ಟ್ ಆಗದೆ ಸತಾಯಿಸುವುದು ಇಲ್ಲಿ ಎಲ್ಲರಿಗೂ ಗೊತ್ತು. ಬ್ಯಾಟರಿ ಹೋಯಿತು ಅಂತ ಜನ ಹೊಸ ಬ್ಯಾಟರಿ ತರುತ್ತಾರೆ. ಬಹಳ ಸಲ ತಪ್ಪು ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಮುಚ್ಚಳದ ಒಳಗೆ ಕೂತ ತೇವದ್ದು. ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಗಾಡಿ ಎದ್ದು ಕೂರುತ್ತದೆ. ನನ್ನದು ಅದಕ್ಕೂ ಬಗ್ಗದೆ, ಏರು ಬಂದಾಗಲೆಲ್ಲ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಇಂಜಿನ್ ತಡೆದು ತಡೆದು ಓಡುತ್ತಿತ್ತು. ಮೇಸ್ತ್ರಿ ಹೇಳಿದರು: ‘ರಾತ್ರಿ ಲೈಟೆಲ್ಲ ಆರಿಸಿ ಬಾನೆಟ್ ಎತ್ತಿ ನೋಡಿ ಸಾರ್.’ ಕರೆಂಟ್ ಹೋಗಿದ್ದ ಒಂದು ರಾತ್ರಿ ನೋಡಿದೆ. ಇಂಜಿನ್ ಓಡುತ್ತಿದೆ, ಕತ್ತಲಲ್ಲಿ ಎರಡನೇ ಪ್ಲಗ್ಗಿನ ವೈರಿನಿಂದ ಸಣ್ಣ ನೀಲಿ ಮಿಂಚು ಪಟ್ ಪಟ್ ಅಂತ ಹಾರುತ್ತಿದೆ. ವೈರಿನ ರಬ್ಬರ್ ಸೀಳಿ, ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಗಾಡಿಯ ಬಾಡಿಯ ಲೋಹಕ್ಕೆ ಹೋಗುತ್ತಿತ್ತು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಹೊಸ ವೈರ್ ಸೆಟ್ ತಂದೆ. ಹತ್ತು ನಿಮಿಷದ ಕೆಲಸ. ಆ ನೀಲಿ ಮಿಂಚು ನೋಡಿದ ಖುಷಿ ಮಾತ್ರ ಎಷ್ಟೋ ದಿನ ಇತ್ತು.

ಸ್ಪರ್ಧೆಗೆ ಬಂದದ್ದೂ ಈ ಹುಚ್ಚಿನ ದಾರಿಯಲ್ಲೇ. ನಮ್ಮ ಜಿಲ್ಲೆಯಲ್ಲಿ ಕಾರ್ ರ‍್ಯಾಲಿ ಅಂದರೆ ಊರಹಬ್ಬದ ಹಾಗೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಮ್ಮ ಕಾಫಿ ತೋಟಗಳ ಮಣ್ಣುದಾರಿಯಲ್ಲೇ ನಡೆದಿದೆ. 2016ರಲ್ಲಿ ಗೌರವ್ ಗಿಲ್ ಅವರ ಸ್ಕೋಡಾ ಫಾಬಿಯಾ ನೋಡಲು ಬೆಳಗಿನ ಜಾವವೇ ಹೋಗಿ ಒಂದು ತಿರುವಿನ ಮೇಲಿನ ದರೆಯಲ್ಲಿ ನಿಂತಿದ್ದೆ. ಅವರು 2013, 2016, 2017, ಮೂರು ಸಲ ಆ ಚಾಂಪಿಯನ್‌ಶಿಪ್ ಗೆದ್ದವರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಸ್ಪೋರ್ಟ್‌ಗೆ ಅದು ಮೊದಲನೆಯದು. ಎಲ್ಲರೂ ಧೂಳು, ವೇಗ ನೋಡುತ್ತಿದ್ದರು. ನನ್ನ ಕಿವಿ ಮಾತ್ರ ಬ್ರೇಕ್ ಮೇಲೆ. ತಿರುವು ಬರುವ ಮೊದಲೇ, ಗಾಡಿ ನೇರ ಇರುವಾಗಲೇ ಜೋರು ಬ್ರೇಕ್ ಮುಗಿದಿರುತ್ತಿತ್ತು. ಆಮೇಲೆ ತಿರುವು, ಆಮೇಲೆ ಆಕ್ಸಿಲರೇಟರ್. ಚಾರ್ಮಾಡಿಯಲ್ಲಿ ನಾನು ಮಾಡಿದ್ದು ಇದರ ಉಲ್ಟಾ ಅಲ್ವಾ?

ಟಿಎಸ್‌ಡಿ ರ‍್ಯಾಲಿಗೆ ಅದಕ್ಕೂ ಮೊದಲೇ, 2014ರಲ್ಲಿ ಇಳಿದಿದ್ದೆವು. ಟಿಎಸ್‌ಡಿ ಅಂದರೆ ಸಮಯ, ವೇಗ, ದೂರದ ಲೆಕ್ಕ. ಇದರಲ್ಲಿ ಜೋರಾಗಿ ಓಡಿಸಿದವರು ಗೆಲ್ಲುವುದಿಲ್ಲ. ಸಾಮಾನ್ಯ ರಸ್ತೆಯಲ್ಲೇ, ಕಾನೂನಿನ ಮಿತಿಯ ಒಳಗೆ, ರೋಡ್‌ಬುಕ್ಕಿನಲ್ಲಿ (ಆಯೋಜಕರು ಕೊಡುವ ದಾರಿಯ ಪುಸ್ತಕ) ಕೊಟ್ಟ ಸರಾಸರಿ ವೇಗವನ್ನು ಸೆಕೆಂಡ್ ಲೆಕ್ಕದಲ್ಲಿ ಕಾಯ್ದುಕೊಳ್ಳಬೇಕು. ಗಂಟೆಗೆ 36 ಕಿ.ಮೀ. ಅಂದರೆ ಒಂದು ಕಿಲೋಮೀಟರ್‌ಗೆ 100 ಸೆಕೆಂಡ್. 40 ಅಂದರೆ 90 ಸೆಕೆಂಡ್. ಕಂಟ್ರೋಲ್, ಅಂದರೆ ಸಮಯ ನೋಡುವ ಜಾಗ, ಎಲ್ಲಿದೆ ಅಂತ ಮೊದಲೇ ಹೇಳುವುದಿಲ್ಲ, ತಿರುವು ದಾಟಿದರೆ ಮಾರ್ಷಲ್ ಗಡಿಯಾರ ಹಿಡಿದು ನಿಂತಿರುತ್ತಾರೆ. ತಡವಾದರೆ ದಂಡ, ಬೇಗ ಬಂದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ದಂಡ. ನನ್ನ ಹೆಂಡತಿ ಹೈಸ್ಕೂಲಲ್ಲಿ ಲೆಕ್ಕದ ಟೀಚರ್. ಪಕ್ಕ ಕೂತು ದಾರಿ, ಲೆಕ್ಕ ಹೇಳುವ ನ್ಯಾವಿಗೇಟರ್ ಅವಳಲ್ಲದೆ ಇನ್ಯಾರು?

ಇಡೀ ದಿನ ಅವಳ ಲೆಕ್ಕ ಸೆಕೆಂಡೂ ತಪ್ಪಲಿಲ್ಲ. ‘ಎರಡು ಸೆಕೆಂಡ್ ಹಿಂದಿದೀವಿ, ಸ್ವಲ್ಪ ಒತ್ತಿ’, ‘ಈಗ ಸರಿ’. ಸಂಜೆ ಪಟ್ಟಿ ನೋಡಿದರೆ ಪ್ರತಿ ಕಂಟ್ರೋಲಿನಲ್ಲೂ ನಾವು ಬೇಗ. ಐದು ಹತ್ತು ಸೆಕೆಂಡಲ್ಲ, ಒಂದು ಕಡೆ ಸುಮಾರು ಒಂದು ನಿಮಿಷ! ಅವಳು ಕಣ್ಣಲ್ಲಿ ನೀರು ತಂದುಕೊಂಡು ಅಲ್ಲೇ ಕೂತು ಹಾಳೆ ಎಲ್ಲ ಮತ್ತೆ ಕೂಡಿದಳು. ಲೆಕ್ಕ ಸರಿಯೇ ಇತ್ತು.

ತಪ್ಪು ನನ್ನ ಟಯರಿನದ್ದು. 800ಗೆ ಕಂಪನಿಯಿಂದ ಬರುತ್ತಿದ್ದದ್ದು 145/70 ಆರ್12 ಅಳತೆಯ ಟಯರ್. ಕಲ್ಲು ರಸ್ತೆಗೆ ತಳ ತಾಗಬಾರದು ಅಂತ ನಾನು ಓಮ್ನಿ ಅಳತೆಯ ಎತ್ತರದ ಟಯರ್, 145/80, ಹಾಕಿಸಿದ್ದೆ. ಚಕ್ರದ ಸುತ್ತಳತೆ ನೂರಕ್ಕೆ ಆರರಷ್ಟು ಹತ್ತಿರ ಹೆಚ್ಚಾಗುತ್ತದೆ. ಮೀಟರ್ ಎಣಿಸುವುದು ಚಕ್ರದ ಸುತ್ತು. ರಸ್ತೆಯಲ್ಲಿ 10 ಕಿಲೋಮೀಟರ್ ಆದಾಗ ನಮ್ಮ ಮೀಟರ್ ತೋರಿಸುತ್ತಿದ್ದದ್ದು 9.46. ನಾವು 36ರಲ್ಲಿ ಇದ್ದೇವೆ ಅಂದುಕೊಂಡಾಗ ನಿಜಕ್ಕೂ 38ರಲ್ಲಿ ಹೋಗುತ್ತಿದ್ದೆವು. ಹತ್ತು ಕಿಲೋಮೀಟರ್‌ಗೆ 54 ಸೆಕೆಂಡ್ ಮುಂದೆ. ಇದನ್ನು ಸರಿ ಮಾಡಿಕೊಳ್ಳಲಿ ಅಂತಲೇ ಆಯೋಜಕರು ಶುರುವಿನಲ್ಲಿ ಅಳೆದ ದೂರ ಕೊಟ್ಟಿರುತ್ತಾರೆ. ಅವತ್ತು ಪೆಟ್ರೋಲ್ ಬಂಕ್‌ನಿಂದ ಒಂದು ಕಮಾನಿನವರೆಗೆ 8.40 ಅಂತ ಬರೆದಿತ್ತು. ನಮ್ಮದು 7.95 ತೋರಿಸಿತ್ತು. ಅವಳು ಕೇಳಿದ್ದಳು, ‘ರೀ, ಇದು ಹೊಂದ್ತಿಲ್ವಲ್ಲ?’ ‘ಹಳೇ ಮೀಟರ್, ಬಿಡು’ ಅಂದವನು ನಾನು. ಆ ಮಾತಿಗೆ ಅವತ್ತು ರಾತ್ರಿಯೇ ಅವಳ ಹತ್ತಿರ ತಪ್ಪಾಯಿತು ಅಂದೆ.

ಮುಂದಿನ ವಾರವೇ ಹಳೇ ಅಳತೆಯ ಟಯರಿಗೆ ವಾಪಸ್ ಬಂದೆ. ಕಳೆದುಕೊಂಡಿದ್ದ ಪಿಕಪ್ ಕೂಡ ಅದರ ಜೊತೆಗೇ ಬಂತು. 37 ಕುದುರೆ ಶಕ್ತಿಯ ಇಂಜಿನ್‌ಗೆ ದೊಡ್ಡ ಚಕ್ರ ತಿರುಗಿಸುವುದು ಭಾರವೇ. ಈಗ ಅವಳ ಹತ್ತಿರ ಕೈಬರಹದ ಒಂದು ಪಟ್ಟಿ ಇದೆ. 24ರಿಂದ 50ರವರೆಗೆ ಪ್ರತಿ ವೇಗಕ್ಕೂ ಪ್ರತಿ 100 ಮೀಟರ್‌ಗೆ ಎಷ್ಟು ಸೆಕೆಂಡ್ ಅಂತ. ಕಾಸರಗೋಡಿನ ಮೂಸಾ ಶರೀಫ್ ದೇಶದ ದೊಡ್ಡ ಕೋ ಡ್ರೈವರ್, ಗಿಲ್ ಪಕ್ಕ ಕೂತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು. ಪಕ್ಕದ ಸೀಟಿನ ಮಾತಿಗೆ ಎಷ್ಟು ಬೆಲೆ ಇದೆ ಅಂತ ಅವರನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ. ಮೂರು ವರ್ಷ ಬಿಟ್ಟು ದಂಪತಿ ವಿಭಾಗದಲ್ಲಿ ನಮಗೆ ಎರಡನೇ ಸ್ಥಾನ ಬಂತು. ಗೆದ್ದ ಕಪ್ ಅವಳ ಸ್ಟಾಫ್ ರೂಮಿನಲ್ಲಿದೆ.

ಆಟೋಕ್ರಾಸ್‌ಗೂ ಎರಡು ಸಲ ಹೋಗಿದ್ದೇನೆ. ಬಯಲಲ್ಲಿ ಕೋನ್ ಇಟ್ಟು, ಒಂದು ಸಲಕ್ಕೆ ಒಂದೇ ಗಾಡಿ, ಗಡಿಯಾರದ ವಿರುದ್ಧ ಓಟ. ಮಣ್ಣಿನಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತದೆ. ಕಾಲು ಒಂದು ಎಳೆಯಷ್ಟು ಎತ್ತಿದರೆ ತೂಕ ಮುಂದಿನ ಚಕ್ರಕ್ಕೆ ಬಂದು ಹಿಡಿತ ಸಿಗುತ್ತದೆ. ಪಟ್ಟನೆ ಎತ್ತಿದರೆ ಹಿಂಭಾಗ ಬೀಸುತ್ತದೆ. ಇದನ್ನು ಕಲಿಯಲು ಹೆಲ್ಮೆಟ್, ಬೆಲ್ಟು, ಖಾಲಿ ಬಯಲು ಬೇಕು. ಊರ ರಸ್ತೆ ಇದಕ್ಕೆ ಅಲ್ಲ. ನಮ್ಮ ರಸ್ತೆಯಲ್ಲಿ ಎದುರಿಗೆ ಶಾಲೆ ಮಕ್ಕಳು ಬರುತ್ತಾರೆ, ಸಂಜೆ ತೋಟದ ಕೆಲಸದ ಹೆಂಗಸರು ಸಾಲಾಗಿ ನಡೆದು ಹೋಗುತ್ತಾರೆ. ಅಲ್ಲಿ ನನ್ನ ಗಾಡಿ 50 ದಾಟುವುದು ಅಪರೂಪ.

ಹಳೇ ಗಾಡಿಗೆ ಖರ್ಚೂ ಇದೆ, ಮುಚ್ಚಿಡುವುದಿಲ್ಲ. ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 600 ರೂಪಾಯಿ ಇದ್ದ ಆ ಫೀ 2022ರ ಏಪ್ರಿಲ್‌ನಲ್ಲಿ 5000ಕ್ಕೆ ಏರಿತ್ತು. ಶೇ 20 ಎಥನಾಲ್ ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಪೈಪ್‌ಗಳ ಮೇಲೆ ನನಗೆ ನಂಬಿಕೆ ಇಲ್ಲ. ಎಲ್ಲಾ ಬದಲಾಯಿಸಿದೆ. ಈಗ ಗಾಡಿ ತುಂಬಾ ದಿನ ನಿಲ್ಲಿಸುವುದಿಲ್ಲ, ನಿಂತರೆ ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ.

ಈ ವಾರ ಒಂದು ಹೊಸ ಸದ್ದು. 40 ದಾಟಿದರೆ ಮುಂದಿನಿಂದ ‘ಊಂ’ ಅಂತ ಗುನುಗು. ವೀಲ್ ಬೇರಿಂಗ್ ಅಂತ ಗೊತ್ತಾಯಿತು, ಎಡದ್ದೋ ಬಲದ್ದೋ ತಿಳಿಯಲಿಲ್ಲ. ನಿನ್ನೆ ಶಾಲೆಯಿಂದ ಕರೆದುಕೊಂಡು ಬರುವಾಗ ಮಗಳಿಗೆ ಹೇಳಿದೆ, ‘ಸುಮ್ನೆ ಕಣ್ಣು ಮುಚ್ಚಿ ಕೇಳು ಪುಟ್ಟಾ.’ ಖಾಲಿ ರಸ್ತೆಯಲ್ಲಿ ಎಡಕ್ಕೆ ಒಂದು ತಿರುವು, ಬಲಕ್ಕೆ ಒಂದು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: ‘ಅಪ್ಪಾ, ಬಲಗಡೆ ತಿರುಗಿದಾಗ ಜಾಸ್ತಿ ಆಗುತ್ತೆ.’

ಬಲಕ್ಕೆ ತಿರುಗಿದರೆ ಭಾರ ಬೀಳುವುದು ಎಡಚಕ್ರಕ್ಕೆ. ಎಡಗಡೆ ಬೇರಿಂಗ್ ತಂದಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಜಾಕಿ ಹಾಕಬೇಕು. ಟಾರ್ಚ್ ಹಿಡಿಯುವ ಕೆಲಸ ತನ್ನದೇ ಅಂತ ಅವಳು ಈಗಲೇ ಹೇಳಿದ್ದಾಳೆ.