ಟಿವಿ ಇತಿಹಾಸದ ತಜ್ಞರನ್ನು ನಂಬುವ ಮುಂಚೆ

ಇತಿಹಾಸದ ಸಾಕ್ಷ್ಯಚಿತ್ರ ಹಾಕಿಕೊಂಡು ಕೂತಾಗ ರಿಮೋಟ್ ಕೈಯಲ್ಲೇ ಇರಲಿ. ಪುಸ್ತಕದ ಕಪಾಟಿನ ಮುಂದೆ ಕೂತವರು ಬಾಯಿ ತೆರೆದ ತಕ್ಷಣ ಕೆಳಗೆ ಅವರ ಹೆಸರು ನಾಲ್ಕೈದು ಸೆಕೆಂಡ್ ಬಂದು ಹೋಗುತ್ತದೆ. ಅಲ್ಲೇ ನಿಲ್ಲಿಸಿ. ಹೆಸರಿನ ಅಡಿಯಲ್ಲಿ ‘ಲೇಖಕ’, ‘ಸಂಶೋಧಕ’ ಅಂತ ಸುಮ್ನೆ ಒಂದು ಪದ ಇದ್ದರೆ ಏನೂ ಗೊತ್ತಾಗುವುದಿಲ್ಲ. ಯಾವ ಕಾಲದ ಮೇಲೆ ಕೆಲಸ ಮಾಡಿದವರು ಅಂತ ಫೋನಿನಲ್ಲಿ ಹುಡುಕಿ. ರೋಮ್ ಓದಿಕೊಂಡೇ ತಲೆ ನರೆತವರು ಪಿರಮಿಡ್ ಬಗ್ಗೆ ಮಾತಾಡುತ್ತಿದ್ದರೆ, ಆ ವಿಷಯದಲ್ಲಿ ಅವರೂ ಹೆಚ್ಚುಕಮ್ಮಿ ನಮ್ಮ ಹಾಗೇ ಅಲ್ವಾ?

ಜಾಸ್ತಿ ಹುಷಾರಾಗಿರಬೇಕಾದದ್ದು ಸೊಗಸಾಗಿ ಮಾತಾಡುವವರ ವಿಷಯದಲ್ಲಿ. 1990ರಲ್ಲಿ ಅಮೆರಿಕದ ಪಿಬಿಎಸ್ ಟಿವಿಯಲ್ಲಿ 9 ಕಂತುಗಳಲ್ಲಿ ಬಂದ, ಆ ದೇಶದ ಅಂತರ್ಯುದ್ಧದ ಬಗ್ಗೆ ಕೆನ್ ಬರ್ನ್ಸ್ ಮಾಡಿದ ‘ದಿ ಸಿವಿಲ್ ವಾರ್’ ನೋಡಿ. ಅದರಲ್ಲಿ ಶೆಲ್ಬಿ ಫೂಟ್ ಅಂತ ಒಬ್ಬ ಗಡ್ಡದ ಅಜ್ಜ ಇದ್ದಾರೆ. ಅಮೆರಿಕದ ದಕ್ಷಿಣದವರ ರಾಗದಲ್ಲಿ, ಯುದ್ಧಕಾಲದ ಅಧ್ಯಕ್ಷ ಲಿಂಕನ್ ನಿನ್ನೆ ತಾನೇ ಮನೆಗೆ ಬಂದು ಕಾಫಿ ಕುಡಿದು ಹೋದ ಹಾಗೆ ಕತೆ ಹೇಳುತ್ತಾರೆ, ಕೇಳುತ್ತಾ ಕೂತರೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ಅವರು ಮೂಲತಃ ಕಾದಂಬರಿಕಾರ. ಯುದ್ಧದ ಮೇಲೆ ಮೂರು ದಪ್ಪ ಸಂಪುಟ ಬರೆದಿದ್ದರು, ಅಡಿಟಿಪ್ಪಣಿ ಇಲ್ಲದೆ. ರಾಜಿ ಮಾಡಿಕೊಳ್ಳಲು ಆಗದೆ ಯುದ್ಧವಾಯಿತು ಅನ್ನುತ್ತಾರೆ. ಗುಲಾಮಗಿರಿಯೇ ಮುಖ್ಯ ಕಾರಣ ಅಂತ ಅದೇ ಸರಣಿಯಲ್ಲಿ ಗಟ್ಟಿಯಾಗಿ ಹೇಳಿದವರು ಇತಿಹಾಸದ ಪ್ರೊಫೆಸರ್ ಬಾರ್ಬರಾ ಫೀಲ್ಡ್ಸ್. ಅವರು ಕಾಣಿಸುವುದು ಫೂಟ್ ಅವರಿಗಿಂತ ಎಷ್ಟೋ ಕಡಿಮೆ. ಹಾಗಾಗಿ ಒಂದು ಕಂತಿಗಾದರೂ ಚೀಟಿ ಇಟ್ಟುಕೊಂಡು, ಯಾರು ಎಷ್ಟು ಸಲ ಬಂದರು ಅಂತ ಗೆರೆ ಎಳೆಯಿರಿ.

ಕತ್ತರಿ ಎಲ್ಲಿ ಬಿದ್ದಿದೆ ಅಂತಲೂ ನೋಡಿ. ತಜ್ಞರು ಮಾತಾಡುತ್ತಿದ್ದ ಹಾಗೇ ಮುಖ ಹೋಗಿ ಕೋಟೆಯ ಗೋಡೆ ಬರುತ್ತದೆ, ದನಿ ಮುಂದುವರಿಯುತ್ತದೆ, ಮತ್ತೆ ಮುಖ ಬಂದಾಗ ಕೈ ಬೇರೆ ಕಡೆ ಇರುತ್ತದೆ. ಆ ಗೋಡೆಯ ಹಿಂದೆ ಅವರ ‘ಆದರೆ’, ‘ಬಹುಶಃ’ ಎಲ್ಲ ಉದುರಿ ಹೋಗಿರಬಹುದು. ಇನ್ನೊಂದು ಉಪಾಯ: ನಿರೂಪಕರು ‘ಇದು ಹೀಗೂ ಇರಬಹುದೇ?’ ಅಂತ ಕೇಳಿದ ಮೇಲೆ ಬರುವ ತಜ್ಞರು ಆ ಪ್ರಶ್ನೆಗೇ ಉತ್ತರ ಕೊಟ್ಟರೋ, ಪಕ್ಕದ ಯಾವುದೋ ಮಾತು ಹೇಳಿದರೋ ಗಮನಿಸಿ.

ಕಣ್ಣಾರೆ ಕಂಡವರ ಮಾತು ಬಂದರೆ ಮಾತ್ರ ಬೇರೆ ಲೆಕ್ಕ. 1973ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಎರಡನೇ ಮಹಾಯುದ್ಧದ 26 ಕಂತುಗಳ ಸರಣಿ ‘ದಿ ವರ್ಲ್ಡ್ ಅಟ್ ವಾರ್’ನಲ್ಲಿ ಹಿಟ್ಲರನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್ ಕೂತು ಮಾತಾಡುತ್ತಾನೆ, ಸಭ್ಯವಾಗಿ, ಮೆತ್ತಗೆ. ಅಂಥವರ ಮಾತು ಕೇಳುವಾಗ, ಇದನ್ನು ಹೀಗೆ ಹೇಳಿದರೆ ಇವರಿಗೇನು ಲಾಭ ಅಂತ ಕೇಳಿಕೊಳ್ಳಿ. ಯಹೂದಿಗಳ ಕೊಲೆಯನ್ನು ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಬಾಯಿಬಿಟ್ಟು ಹೇಳಿದ 1943ರ ಭಾಷಣಕ್ಕೆ ತಾನು ಇರಲಿಲ್ಲ ಅಂತ ಸ್ಪೀರ್ ಸಾಧಿಸುತ್ತಲೇ ಇದ್ದ. ಆದರೆ ಅಲ್ಲಿ ಇದ್ದೆ ಅಂತ 1971ರಲ್ಲೇ ಒಬ್ಬರಿಗೆ ಪತ್ರ ಬರೆದಿದ್ದ. ಆ ಪತ್ರ ಹೊರಗೆ ಬಂದದ್ದು 2007ರಲ್ಲಿ.