ಗೇರ್ ತಪ್ಪಲ್ಲ, ಪ್ಲೇಟಿನ ತೂತು ತಪ್ಪು

ಸುರತ್ಕಲ್‌ನ ನಮ್ಮ ಮನೆ ತೋಟದಲ್ಲಿ ತೆಂಗಿನಕಾಯಿ ಎಳೆದು ತರಲು ಒಂದು ರೋಬೋಟ್ ಗಾಡಿ ಮಾಡುತ್ತಿದ್ದೇನೆ. 12 ವೋಲ್ಟ್ ಮೋಟರ್, ಎರಡು ಹಂತದ ಗೇರ್‌ಬಾಕ್ಸ್. ಮೊದಲು 12 ಹಲ್ಲಿನ ಪಿನಿಯನ್‌ಗೆ (ಸಣ್ಣ ಗೇರಿಗೆ) 48 ಹಲ್ಲಿನ ದೊಡ್ಡ ಗೇರ್, ಆಮೇಲೆ 12ಕ್ಕೆ 60. ಒಟ್ಟು ಇಪ್ಪತ್ತು ಪಟ್ಟು ವೇಗ ಇಳಿಯಬೇಕು. ಗೇರುಗಳನ್ನು 1 ಮಾಡ್ಯೂಲ್‌ನಲ್ಲಿ, ಅಂದರೆ ಹಲ್ಲು ಎಷ್ಟೋ ಹಲ್ಲುಗಳು ಕೂಡುವ ಜಾಗದಲ್ಲಿ ಅಷ್ಟೇ ಮಿಲಿಮೀಟರ್ ವ್ಯಾಸ ಬರುವ ಅಳತೆಯಲ್ಲಿ, ನಾನೇ 3ಡಿ ಪ್ರಿಂಟ್ ಮಾಡಿದ್ದು. ಗೇರಿನ ಶಾಫ್ಟುಗಳು ಕೂರುವುದು ಮುಂದೊಂದು ಹಿಂದೊಂದು ಪ್ಲೇಟಿನ ತೂತುಗಳಲ್ಲಿ.

ಜೋಡಿಸಿ ಕರೆಂಟ್ ಕೊಟ್ಟರೆ ಮೋಟರ್ ಒಮ್ಮೆ ಗುರ್ ಅಂದು ನಿಂತೇ ಬಿಟ್ಟಿತು. ಕೈಯಲ್ಲಿ ತಿರುಗಿಸಿದರೆ ಹಳೇ ಬಾವಿಯ ರಾಟೆಯಷ್ಟು ಬಿಗಿ.

ಮೊದಲು ಹಲ್ಲುಗಳ ಮೇಲೆ ಅನುಮಾನ ಪಟ್ಟೆ. ಪ್ರಿಂಟಿನ ಮೊದಲ ಪದರ ಸ್ವಲ್ಪ ಹರಡಿಕೊಂಡು ಅಂಚು ಉಬ್ಬುವುದುಂಟು. ಅದನ್ನೆಲ್ಲ ಬ್ಲೇಡಿನಲ್ಲಿ ಕೆರೆದೆ. ಹಲ್ಲುಜ್ಜುವ ಪೇಸ್ಟ್ ಹಾಕಿ ಅರ್ಧ ಗಂಟೆ ಕೈಯಲ್ಲೇ ತಿರುಗಿಸಿದೆ. ಅಮ್ಮ ನೋಡಿ, "ಅದಕ್ಕೂ ಹಲ್ಲುಜ್ಜಿಸ್ತಿದ್ದೀಯಾ?" ಎಂದರು. ಪುದೀನ ವಾಸನೆ ಬಂತೇ ಹೊರತು ಬಿಗಿ ಹೋಗಲಿಲ್ಲ.

ಬೈಕಂಪಾಡಿಯಲ್ಲಿ ಒಬ್ಬರು ಲೇತ್ ಇಟ್ಟುಕೊಂಡಿದ್ದಾರೆ. ಅವರು ಗೇರ್‌ಬಾಕ್ಸನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಪ್ಲೇಟಿನ ನಾಲ್ಕು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಮಾಡಿದರು. ತಟ್ಟನೆ ಹಗುರವಾಯಿತು. ಬಿಗಿ ಮಾಡಿದರೆ ಮತ್ತೆ ಹಿಡಿಯಿತು. "ಗೇರ್ ಬಿಡಿ ಮಾರಾಯ್ರೆ, ಶಾಫ್ಟ್ ಅಳತೆ ಮಾಡಿದ್ರಾ?"

ಮಾಡಿರಲಿಲ್ಲ. ಗೇರುಗಳನ್ನೆಲ್ಲ ತೆಗೆದು, ಬರೀ 6 ಮಿಲಿಮೀಟರಿನ ಶಾಫ್ಟುಗಳನ್ನು ಹಾಕಿ, ಎರಡು ಶಾಫ್ಟುಗಳ ಹೊರ ಅಂಚುಗಳಿಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದೆವು. ಎರಡನೇ ಹಂತಕ್ಕೆ 12 ಮತ್ತು 60 ಕೂಡಿಸಿ ಅರ್ಧ ಮಾಡಿದರೆ 36, ಅದು ಶಾಫ್ಟುಗಳ ನಡುಮಧ್ಯದ ಅಂತರ. ಶಾಫ್ಟಿನ 6 ಸೇರಿ 42 ಬರಬೇಕು. ಮುಂದಿನ ಪ್ಲೇಟಿನ ಹತ್ತಿರ 42.05 ಬಂತು. ಹಿಂದಿನದರ ಹತ್ತಿರ 41.6! ಗೇರುಗಳು ಕೂತಿದ್ದದ್ದು ಹಿಂದಿನ ಪ್ಲೇಟಿಗೆ ಅಂಟಿಕೊಂಡ ಹಾಗೆ. 1 ಮಾಡ್ಯೂಲ್‌ನಲ್ಲಿ ಹಲ್ಲಿನ ತುದಿಗೂ ಎದುರು ಗೇರಿನ ಬುಡಕ್ಕೂ ನಡುವೆ ಇರುವುದೇ ಕಾಲು ಮಿಲಿಮೀಟರ್ ಜಾಗ. ಅಲ್ಲಿ 0.4 ಕಮ್ಮಿಯಾದರೆ ತುದಿ ಹೋಗಿ ಬುಡಕ್ಕೆ ಒತ್ತುತ್ತದೆ, ಅಲ್ವಾ? ಎರಡು ಪ್ಲೇಟುಗಳನ್ನು ಬೇರೆಬೇರೆಯಾಗಿ ಗುರುತು ಹಾಕಿ ಕೊರೆದದ್ದು ನಾನೇ.

ಹೊಸ ಅಲ್ಯೂಮಿನಿಯಂ ಪ್ಲೇಟ್ ತಂದೆ. ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಹಾಕಿ, ಎದುರುಬದುರು ಮೂಲೆಯಲ್ಲಿ ಎರಡು ಪಿನ್ ಹೊಡೆದು, ಅಲುಗದ ಹಾಗೆ ಮಾಡಿಕೊಂಡೆವು. ಆಮೇಲೆ ಬುಷ್ (ಶಾಫ್ಟ್ ತಿರುಗುವ ಬಳೆ) ಕೂರುವ ತೂತುಗಳನ್ನು ಲೇತಿನವರು ಎರಡೂ ಪ್ಲೇಟಿಗೆ ಒಂದೇ ಸಲ ಕೊರೆದು, ತೂತು ಅಳತೆಗೆ ಸರಿಯಾಗಲು ರೀಮರ್ ಹಾಕಿದರು. ಅಂತರ ಸರಿಯಾಗಿ 36 ಇಡಲಿಲ್ಲ, 36.15 ಇಟ್ಟೆವು. ಪ್ರಿಂಟ್ ಮಾಡಿದ ಗೇರಿಗೆ ಅಷ್ಟು ಸಡಿಲ ಬೇಕು. ಮೋಟರ್ ಇರುವ ಮೊದಲ ಹಂತದಲ್ಲಿ ಮೋಟರನ್ನು ಸರಿಸಲು ಉದ್ದ ತೂತಿದೆ, ಹಾಗಾಗಿ ಅಲ್ಲಿ ಸುಲಭ. ಹಲ್ಲುಗಳ ನಡುವೆ ಜೆರಾಕ್ಸ್ ಕಾಗದದ ಪಟ್ಟಿ ಇಟ್ಟು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಕಾಗದ ಎಳೆದು ತೆಗೆದರಾಯಿತು. ಆ ಕಾಗದ ಸುಮಾರು 0.1 ಮಿಲಿಮೀಟರ್ ದಪ್ಪ.

ಈಗ ಬೆರಳಲ್ಲೇ ತಿರುಗಿತು. ಆದರೆ ಸಣ್ಣಗೆ ಟಿಕ್ ಟಿಕ್. 60 ಹಲ್ಲಿನ ಗೇರಿಗೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ಎಣಿಸಿದೆ. ಅದು ಒಂದು ಸುತ್ತು ಬರುವಷ್ಟರಲ್ಲಿ ಐದು ಸಲ. ಅಷ್ಟರಲ್ಲಿ ಪಿನಿಯನ್ ಸುತ್ತುವುದೂ ಐದೇ ಸಲ. ಅಂದರೆ ದೋಷ ಪಿನಿಯನ್‌ನಲ್ಲಿ, ಇಲ್ಲವೇ ಅದೇ ಶಾಫ್ಟಿನ 48ರ ಗೇರಿನಲ್ಲಿ. ಒಂದೇ ಸಲ ಬಂದಿದ್ದರೆ 60ರ ಗೇರನ್ನು ನೋಡಬೇಕಿತ್ತು. ಪಿನಿಯನ್ನಿನ ಒಂದು ಹಲ್ಲಿನ ಪಕ್ಕ ಸಾಸಿವೆಗಿಂತ ಸಣ್ಣ ಪ್ಲಾಸ್ಟಿಕ್ ಗುಳ್ಳೆ ಇತ್ತು. ಸೂಜಿ ಅರದಿಂದ ಎರಡು ಸಲ ಉಜ್ಜಿದೆ, ಹೋಯಿತು. ಶಾಫ್ಟಿಗೆ ಎಣ್ಣೆ ಸವರಿಟ್ಟೆ. ನಮ್ಮ ಮಳೆಗಾಲದಲ್ಲಿ ಉಕ್ಕು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ.

ಇದು ಎಡಗಡೆಯ ಗೇರ್‌ಬಾಕ್ಸಿನ ಕಥೆ. ಬಲಗಡೆಯದನ್ನು ಇನ್ನೂ ಬಿಚ್ಚಿಲ್ಲ. ಅದರ ಪ್ಲೇಟುಗಳನ್ನೂ ಅದೇ ದಿನ ಬೇರೆಬೇರೆಯಾಗಿಯೇ ಕೊರೆದಿದ್ದೆ.