ಹೊಸ .22 ರೈಫಲ್‌ನಲ್ಲಿ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿತ್ತು: ನನ್ನ ಅನುಭವ

ಹೊಸ .22 ಸೆಮಿ ಆಟೋಮ್ಯಾಟಿಕ್ ರೈಫಲ್‌ನ ಗುರಿ ಚೆನ್ನಾಗಿತ್ತು. ಆದರೆ 200 ಗುಂಡು ದಾಟಿದ ಮೇಲೆ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕವಚ) ಚೇಂಬರ್‌ನಲ್ಲೇ, ಅಂದರೆ ಬ್ಯಾರಲ್‌ನ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲೇ, ಸಿಕ್ಕಿಕೊಳ್ಳತೊಡಗಿತು. ಸುಮ್ನೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಮೇಲೆ ಅನುಮಾನಪಟ್ಟೆ. ಬದಲಿಸಿದರೂ ಅದೇ ಕಥೆ.

ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಚ್ಚಿದೆ. ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿತ್ತು. ಈ ಗುಂಡುಗಳ ಸೀಸಕ್ಕೆ ಮೇಣ ಸವರಿರುತ್ತಾರೆ ಅಲ್ವಾ, ಅದು ಮಸಿಯ ಜೊತೆ ಸೇರಿ ಹೀಗಾಗುತ್ತದೆ. ಹಲ್ಲುಕಡ್ಡಿಯಿಂದ ಕೆರೆದೆ. ಚೇಂಬರನ್ನು ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ) ಹಚ್ಚಿದ ಬ್ರಷ್‌ನಿಂದ ತಿಕ್ಕಿ ಒರೆಸಿದೆ. ಎಣ್ಣೆ ಒಂದೇ ತೊಟ್ಟು. ಜಾಸ್ತಿಯಾದರೆ ಮಸಿ ಇನ್ನೂ ಅಂಟುತ್ತದೆ.

ಆಮೇಲೆ 100 ಗುಂಡು ಹೊಡೆದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ವಿನ್ಯಾಸದಲ್ಲಿ ಬೇಸರ ಒಂದೇ: ಬ್ಯಾರಲ್‌ಗೆ ಹಿಂದಿನಿಂದ ಶುಚಿ ಮಾಡುವ ರಾಡ್ ತೂರಿಸಲು ದಾರಿಯಿಲ್ಲ. ಹಾಗಾಗಿ ಈಗ ಬ್ಯಾರಲ್ ಒಳಗಿಂದ ಎಳೆದು ಒರೆಸುವ ಹುರಿ ಬಳಸುತ್ತೇನೆ.